ಹಡಗು ಹತ್ತಿ ಹೋದ ಅಜ್ಜಿಯ ಅಣ್ಣನನ್ನು ಎಲ್ಲಿಂದ ಹುಡುಕಬೇಕು?

ಓದುಗರ ಪ್ರಶ್ನೆ: ನಮ್ಮದು ಕಾಪು ಸಮೀಪದ ಕಡಲತಡಿಯ ಮೊಗವೀರ ಕುಟುಂಬ. ನನ್ನ ತಾಯಿಯ ತಾಯಿಗೆ ಒಬ್ಬ ಅಣ್ಣನಿದ್ದರು. 1937ರ ಸುಮಾರಿಗೆ, ಇಪ್ಪತ್ತು ವರ್ಷದ ಪ್ರಾಯದಲ್ಲಿ, ಅವರು ಹಡಗು ಹತ್ತಿ ಹೋದರೆಂದು ಮನೆಯಲ್ಲಿ ಹೇಳುತ್ತಾರೆ. ಮೊದಲಿಗೆ ಮುಂಬಯಿಯಿಂದ ಕಾಗದವೂ ಮನಿಯಾರ್ಡರೂ ಬರುತ್ತಿದ್ದವು. 1942ರ ಮಳೆಗಾಲದ ನಂತರ ಏನೂ ಬರಲಿಲ್ಲ. ಉಳಿದಿರುವುದು ಒಂದು ಭಾವಚಿತ್ರ ಮತ್ತು ಒಂದು ಅಂಚೆಕಾರ್ಡು. ಕಾರ್ಡಿನಲ್ಲಿ ಹಡಗಿನ ಹೆಸರು ಮಸುಕಾಗಿ ‘ತಲಾವ’ ಎಂದು ಕಾಣುತ್ತದೆ. ಜಪಾನೀಯರು ಮುಳುಗಿಸಿದ ‘ತಿಲಾವಾ’ ಹಡಗಿನಲ್ಲಿ ಅವರು ಸತ್ತರು ಎಂದು ಒಬ್ಬ ಮಾವ ಹೇಳುತ್ತಿದ್ದರು. ಆದರೆ ಯುದ್ಧ ಮುಗಿದ ಮೇಲೆ ಮೊಂಬಾಸಾದಲ್ಲಿ ಅವರನ್ನು ಕಂಡವರಿದ್ದಾರೆ ಎಂಬ ಮಾತೂ ಇದೆ. ಕುಟುಂಬದ ಜಾಗದ ಹಳೆಯ ಕಾಗದಗಳಲ್ಲಿ ಅವರ ಹೆಸರು ಇನ್ನೂ ಇರುವುದರಿಂದ ಈಗ ತೊಡಕಾಗಿದೆ. ಲಂಡನ್ನಿನ ದಾಖಲೆ ತೆಗೆಸಿಕೊಡುತ್ತೇನೆಂದು ಒಬ್ಬರು ದೊಡ್ಡ ಮೊತ್ತ ಕೇಳುತ್ತಿದ್ದಾರೆ. ಡಿಎನ್‌ಎ ಪರೀಕ್ಷೆ ಮಾಡಿಸು ಎಂದು ಇನ್ನೊಬ್ಬರು ಹೇಳುತ್ತಾರೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳು ಹೆಣೆದುಕೊಂಡಿವೆ. ಆ ಹಿರಿಯರಿಗೆ ಏನಾಯಿತು ಎಂಬುದು ಒಂದು. ಕಾಗದದಲ್ಲಿ ಉಳಿದಿರುವ ಅವರ ಹೆಸರನ್ನು ಏನು ಮಾಡುವುದು ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಸಿಗದೆಯೂ ಎರಡನೆಯದಕ್ಕೆ ದಾರಿಯಿದೆ. ಆದರೆ ಎರಡನೆಯದರ ಅವಸರದಲ್ಲಿ ಮೊದಲನೆಯದಕ್ಕೆ ಯಾವುದೋ ಒಂದು ಉತ್ತರವನ್ನು ಒಪ್ಪಿಕೊಂಡುಬಿಟ್ಟರೆ ಮುಂದೆ ಎರಡೂ ಕೆಡುತ್ತವೆ. ಕರಾವಳಿಯ ಕುಟುಂಬಗಳ ಹಳೆಯ ಕಾಗದಗಳನ್ನು ನೋಡುತ್ತ ಬಂದ ಅನುಭವದಲ್ಲಿ ಹೇಳುವುದಾದರೆ, ಹೆಚ್ಚಿನವರು ಹಡಗಿನ ಹೆಸರಿನಿಂದ ಹುಡುಕಾಟ ಶುರು ಮಾಡಿ ಅಲ್ಲಿಯೇ ದಾರಿ ತಪ್ಪುತ್ತಾರೆ. ಹಡಗಿಗೆ ಬರುವ ಮೊದಲು ಮನೆಯನ್ನೂ ಮುಂಬಯಿಯನ್ನೂ ದಾಟಿ ಬರಬೇಕು.

‘ಹಡಗು ಹತ್ತಿ ಹೋದರು’ ಎಂಬ ಮಾತನ್ನೇ ಮೊದಲು ಪರೀಕ್ಷಿಸಿ. ಆ ಕಾಲದಲ್ಲಿ ಕರಾವಳಿಯ ನೇರಕ್ಕೆ ಮುಂಬಯಿಯವರೆಗೆ ರೈಲು ಇರಲಿಲ್ಲ. ಕೊಂಕಣ ರೈಲು ಪೂರ್ಣಗೊಂಡದ್ದು 1998ರಲ್ಲಿ. ಮಂಗಳೂರು, ಮಲ್ಪೆ, ಕಾರವಾರ ಕಡೆಯವರು ಮುಂಬಯಿಗೆ ಹೋಗುತ್ತಿದ್ದದ್ದು ಬಹುಮಟ್ಟಿಗೆ ಕರಾವಳಿಯ ಪ್ರಯಾಣಿಕ ಸ್ಟೀಮರುಗಳಲ್ಲಿ. ಹೀಗಾಗಿ ಹೋಟೆಲಿಗೋ ಗಿರಣಿಗೋ ಗೋದಿಯ (ಹಡಗುಕಟ್ಟೆಯ) ಕೂಲಿಗೋ ಹೋದವನೂ ಹಡಗು ಹತ್ತಿಯೇ ಹೋದವನು. ಎರಡು ತಲೆಮಾರು ಕಳೆಯುವಷ್ಟರಲ್ಲಿ ಪ್ರಯಾಣದ ಹಡಗು ಉದ್ಯೋಗದ ಹಡಗಾಗಿ ಮಾರ್ಪಡುವುದನ್ನು ನಾನು ಅನೇಕ ಮನೆಗಳ ಕತೆಗಳಲ್ಲಿ ಕಂಡಿದ್ದೇನೆ. ನಿಮ್ಮ ಹಿರಿಯರು ನಿಜವಾಗಿಯೂ ಹಡಗಿನ ಕೆಲಸದಲ್ಲಿದ್ದರು ಎನ್ನುವುದಕ್ಕೆ ನಿಮ್ಮಲ್ಲಿರುವ ಆಧಾರ ಅಂಚೆಕಾರ್ಡು ಮತ್ತು ಭಾವಚಿತ್ರ ಮಾತ್ರ. ಆದ್ದರಿಂದ ಅವೆರಡನ್ನೂ ನಿಧಾನವಾಗಿ ಓದೋಣ.

ಕಾರ್ಡಿನಲ್ಲಿ ಮುಖ್ಯವಾದದ್ದು ಹಡಗಿನ ಹೆಸರಿಗಿಂತ ಅಂಚೆಯ ಮುದ್ರೆ. ಯುದ್ಧಕಾಲದಲ್ಲಿ ನಾವಿಕರ ಪತ್ರಗಳಿಗೆ ಸೆನ್ಸಾರ್ ಇತ್ತು. ಹಡಗಿನ ಹೆಸರನ್ನಾಗಲಿ ಅದು ಇರುವ ಜಾಗವನ್ನಾಗಲಿ ಬರೆಯುವಂತಿರಲಿಲ್ಲ. ಕಾರ್ಡಿನಲ್ಲಿ ಹಡಗಿನ ಹೆಸರು ಇದೆಯೆಂದರೆ ಅದನ್ನು 1939ರ ಸೆಪ್ಟೆಂಬರಿಗಿಂತ ಮೊದಲೇ ಬರೆದಿರುವ ಸಾಧ್ಯತೆ ಹೆಚ್ಚು. ಹಾಗಾದರೆ 1942ರಲ್ಲಿ ಅವರು ಅದೇ ಹಡಗಿನಲ್ಲಿದ್ದರು ಎಂದು ಆ ಕಾರ್ಡು ಹೇಳುವುದಿಲ್ಲ. ಹಡಗಿನಾಳುಗಳ ಒಪ್ಪಂದ ಒಂದು ಯಾನಕ್ಕೋ ಕೆಲವು ತಿಂಗಳಿಗೋ ಸೀಮಿತವಾಗಿದ್ದು, ಅದು ಮುಗಿದೊಡನೆ ಇಳಿದು, ಮತ್ತೆ ಸಾರಂಗನ, ಅಂದರೆ ಹಡಗಿನಾಳುಗಳ ಮುಖಂಡನ, ಕೃಪೆಗಾಗಿ ಕಾದು, ಸಿಕ್ಕಿದ ಬೇರೊಂದು ಹಡಗನ್ನು ಏರುವುದೇ ರೂಢಿಯಾಗಿತ್ತು.

ಇನ್ನು ‘ತಲಾವ’ ಎಂಬ ಓದು. ತಿಲಾವಾ ಬ್ರಿಟಿಷ್ ಇಂಡಿಯಾ ಸ್ಟೀಮ್ ನ್ಯಾವಿಗೇಷನ್ ಕಂಪನಿಯ ಹಡಗು. ಅದೇ ಕಂಪನಿಯಲ್ಲಿ, ಅದೇ ಕಾಲದಲ್ಲಿ, ತಲ್ಮಾ, ತಲಂಬಾ, ತಕ್ಲಿವಾ, ತೈರಿಯಾ ಎಂಬ ಹಡಗುಗಳೂ ಇದ್ದವು. ಮುಕ್ಕಾಲು ಅಳಿಸಿಹೋದ ಕನ್ನಡ ಅಕ್ಷರಗಳಲ್ಲಿ ಇವುಗಳಲ್ಲಿ ಯಾವುದನ್ನು ಬೇಕಾದರೂ ‘ತಲಾವ’ ಎಂದು ಓದಬಹುದು. ತಿಲಾವಾ ದುರಂತದ ಸುದ್ದಿ ಊರಿಗೆ ಮುಟ್ಟಿದ ಮೇಲೆ ಕಾರ್ಡಿನ ಮಸುಕು ಅಕ್ಷರಗಳು ಆ ಹೆಸರಿನತ್ತ ವಾಲಿರುವುದು ಸಹಜ. ಕಾರ್ಡನ್ನು ಓರೆ ಬೆಳಕಿನಲ್ಲಿ, ಹೆಚ್ಚಿನ ರೆಸಲ್ಯೂಶನ್ನಿನಲ್ಲಿ ಸ್ಕ್ಯಾನ್ ಮಾಡಿಸಿ. ಏನನ್ನು ಹುಡುಕುತ್ತಿದ್ದೀರಿ ಎಂದು ಹೇಳದೆ ಹೊರಗಿನವರಿಬ್ಬರಿಗೆ ಓದಲು ಕೊಡಿ.

ತಿಲಾವಾ ಕತೆಯಲ್ಲಿ ಖಚಿತವಾದದ್ದು ಇಷ್ಟು. 1942ರ ನವೆಂಬರ್ 20ರಂದು ಮುಂಬಯಿಯಿಂದ ಆಫ್ರಿಕದ ಪೂರ್ವ ಮತ್ತು ದಕ್ಷಿಣದ ಬಂದರುಗಳಿಗೆ ಹೊರಟ ಆ ಹಡಗನ್ನು ನವೆಂಬರ್ 23ರಂದು ಜಪಾನಿನ ಜಲಾಂತರ್ಗಾಮಿ ಟಾರ್ಪೆಡೊ ಹೊಡೆದು ಮುಳುಗಿಸಿತು. ಹಡಗಿನಲ್ಲಿದ್ದ 958 ಜನರಲ್ಲಿ 280 ಮಂದಿ ಸತ್ತರು. 678 ಮಂದಿ ಬದುಕಿದರು. ಬದುಕಿದವರಲ್ಲಿ ಬಹುಪಾಲು ಜನರನ್ನು ಬರ್ಮಿಂಗ್‌ಹ್ಯಾಮ್ ಎಂಬ ಬ್ರಿಟಿಷ್ ಯುದ್ಧನೌಕೆ ಅದೇ ತಿಂಗಳು ಮುಂಬಯಿಗೆ ಕರೆತಂದಿತು. ಅಂದರೆ ನಿಮ್ಮವರು ಆ ಹಡಗಿನಲ್ಲಿದ್ದರೂ ಬದುಕಿರುವ ಸಂಭವವೇ ಹೆಚ್ಚಾಗಿತ್ತು. ಸತ್ತಿದ್ದರೆ ಅದನ್ನು ತಿಳಿಯುವುದು ನಿಮ್ಮ ಇಡೀ ಹುಡುಕಾಟದಲ್ಲಿ ತೀರ ಸುಲಭವಾದ ಕೆಲಸ, ಅದಕ್ಕೆ ಖರ್ಚೂ ಇಲ್ಲ. ಎರಡನೆಯ ಮಹಾಯುದ್ಧದಲ್ಲಿ ಸತ್ತ ಭಾರತದ 6,000ಕ್ಕೂ ಹೆಚ್ಚು ನಾವಿಕರ ಹೆಸರುಗಳ ಗೌರವಪುಸ್ತಕ ಮುಂಬಯಿಯ ಮಸ್ಜಿದ್ ಬಂದರ್ ಭಾಗದಲ್ಲಿರುವ ನಾವಿಕರ ಗೃಹದಲ್ಲಿಯೂ ಚಿತ್ತಗಾಂಗಿನ ಯುದ್ಧಸ್ಮಶಾನದಲ್ಲಿಯೂ ಇದೆ. ಅವೇ ಹೆಸರುಗಳು ಕಾಮನ್‌ವೆಲ್ತ್ ಯುದ್ಧಸಮಾಧಿ ಆಯೋಗದ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಅಲ್ಲಿ ವ್ಯಕ್ತಿಯ ಹೆಸರಿನಿಂದ ಹುಡುಕಬೇಡಿ. ಹಡಗಿನ ಹೆಸರಿನಿಂದ ಹುಡುಕಿ, ಬಂದ ಪಟ್ಟಿಯನ್ನು ಸಾಲು ಸಾಲಾಗಿ ಓದಿ. ಮೇಲೆ ಹೇಳಿದ ಬೇರೆ ಹಡಗುಗಳಿಗೂ ಹಾಗೆಯೇ ಮಾಡಿ. ಅಲ್ಲಿ ಹೆಸರು ಇಲ್ಲದಿದ್ದರೆ ತಿಲಾವಾ ಕತೆ ಬಹಳ ದುರ್ಬಲವಾಗುತ್ತದೆ. ಒಂದು ಮಾತು ನೆನಪಿರಲಿ: ಅದು ಹಡಗಿನ ಕೆಲಸದಲ್ಲಿದ್ದವರ ಪಟ್ಟಿ. ಅವರು ಪ್ರಯಾಣಿಕರಾಗಿ ಆಫ್ರಿಕಕ್ಕೆ ಹೊರಟಿದ್ದರೆ ಆ ಪುಸ್ತಕದಲ್ಲಿ ಇರಲಾರರು.

ಹೆಸರಿನಿಂದ ಹುಡುಕಬೇಡಿ ಎಂದದ್ದಕ್ಕೆ ಕಾರಣಗಳಿವೆ. ವಂಶವನ್ನು ತಾಯಿಯ ಕಡೆಯಿಂದ ಎಣಿಸುವ ಅಳಿಯಸಂತಾನದ ಮನೆಗಳಲ್ಲಿ ಬಳಿ, ಅಂದರೆ ಕುಲದ ಹೆಸರು, ತಾಯಿಯಿಂದ ಬರುತ್ತದೆ. ಸಾಲಿಯಾನ್, ಕುಂದರ್, ಕಾಂಚನ್, ಮೆಂಡನ್ ಮುಂತಾದವುಗಳನ್ನು ಇಂದು ನಾವು ಉಪನಾಮದಂತೆ ಬರೆಯುತ್ತೇವೆ. ಆದರೆ 1937ರ ಹುಡುಗನೊಬ್ಬ ಶಿಪ್ಪಿಂಗ್ ಕಚೇರಿಯ ಗುಮಾಸ್ತನ ಮುಂದೆ ನಿಂತು ಬಳಿಯನ್ನೇ ಹೇಳಿದ್ದನೆಂಬ ಖಾತರಿ ಇಲ್ಲ. ತಂದೆಯ ಹೆಸರು ಕೇಳಿದಾಗ ಸಾಕಿದ ಸೋದರಮಾವನ ಹೆಸರು ಹೇಳಿದವರಿದ್ದಾರೆ. ಗುಮಾಸ್ತನು ಮರಾಠಿಯವನೋ ಪಾರ್ಸಿಯೋ ಆಗಿದ್ದು, ತನ್ನ ಕಿವಿಗೆ ಬಿದ್ದಂತೆ ಇಂಗ್ಲಿಷಿನಲ್ಲಿ ಬರೆದಿರುತ್ತಾನೆ. ಇದಕ್ಕಿಂತ ದೊಡ್ಡ ಬಲೆ ಇನ್ನೊಂದಿದೆ: ಹಡಗಿನ ಪಟ್ಟಿಗಳಲ್ಲಿ ‘ಭಂಡಾರಿ’ ಎಂದರೆ ಅಡುಗೆಯವನು, ‘ಟಿಂಡಾಲ್’ ಎಂದರೆ ಸಾರಂಗನ ಕೈಕೆಳಗಿನ ಮೇಸ್ತ್ರಿ. ನಮ್ಮಲ್ಲಿ ಭಂಡಾರಿಯೂ ತಾಂಡೇಲನೂ ಮನೆತನದ ಹೆಸರುಗಳು. ಹೀಗಾಗಿ ಪಟ್ಟಿಯಲ್ಲಿ ಕಂಡ ‘ಭಂಡಾರಿ’ಯನ್ನು ತಮ್ಮ ಅಜ್ಜನೆಂದು ವರ್ಷಗಟ್ಟಲೆ ಬೆನ್ನುಹತ್ತಿದವರಿದ್ದಾರೆ. ಜೊತೆಗೆ, ಒಬ್ಬನ ಹೆಸರಿನ ಬಿಡುಗಡೆ ಪುಸ್ತಕದ (ನಾವಿಕನು ಮಾಡಿದ ಕೆಲಸದ ದಾಖಲೆ ಪುಸ್ತಕದ) ಮೇಲೆ ಇನ್ನೊಬ್ಬ ಕೆಲಸಕ್ಕೆ ಸೇರುವುದೂ ಆ ದಿನಗಳಲ್ಲಿ ನಡೆಯುತ್ತಿತ್ತು. ಆದ್ದರಿಂದ ಒಂದು ಹೆಸರು ಹೊಂದಿತೆಂದು ಹಿಗ್ಗಬೇಡಿ. ಹೆಸರು, ಊರು, ಪ್ರಾಯ, ಕಾಲ ಇವುಗಳಲ್ಲಿ ಮೂರಾದರೂ ಕೂಡಿಬಂದರೆ ಮಾತ್ರ ಅದನ್ನು ಗುರುತು ಎಂದು ಕರೆಯಿರಿ.

ಭಾವಚಿತ್ರದ ವಿಷಯ. ಸಾಮಾನ್ಯ ವ್ಯಾಪಾರಿ ಹಡಗಿನ ಆಳುಗಳಿಗೆ ಸೈನಿಕ ಸಮವಸ್ತ್ರ ಇರಲಿಲ್ಲ. ಚಿತ್ರದಲ್ಲಿ ಅವರು ಟೊಪ್ಪಿ ಹಾಕಿದ್ದು, ಅದರ ಪಟ್ಟಿಯ ಮೇಲೆ ‘ಎಚ್.ಎಂ.ಐ.ಎಸ್.’ ಎಂಬ ಇಂಗ್ಲಿಷ್ ಅಕ್ಷರಗಳು ಕಂಡರೆ ಇಡೀ ಹುಡುಕಾಟದ ದಿಕ್ಕು ಬದಲಾಗುತ್ತದೆ; ಅವರು ಬ್ರಿಟಿಷರ ಕಾಲದ ಭಾರತದ ನೌಕಾಪಡೆಯಾದ ರಾಯಲ್ ಇಂಡಿಯನ್ ನೇವಿಯಲ್ಲಿದ್ದರು ಎಂದರ್ಥ. ಯುದ್ಧದ ವರ್ಷಗಳಲ್ಲಿ ಆ ಪಡೆ ಕೆಲವು ಸಾವಿರದಿಂದ ಸುಮಾರು 30 ಸಾವಿರಕ್ಕೆ ಬೆಳೆಯಿತು, ನಮ್ಮ ಕಡಲತಡಿಯ ಹುಡುಗರೂ ಸೇರಿದ್ದರು. ಆಗ ನೀವು ಬರೆಯಬೇಕಾದದ್ದು ಲಂಡನ್ನಿಗಲ್ಲ, ಮುಂಬಯಿಯ ಮಾನ್‌ಖುರ್ದ್‌ನಲ್ಲಿರುವ ಭಾರತೀಯ ನೌಕಾಪಡೆಯ ನಾವಿಕರ ದಾಖಲೆ ಕಚೇರಿಗೆ. ಚಿತ್ರದ ಹಿಂಬದಿಯಲ್ಲಿ ಸ್ಟುಡಿಯೋದ ಮುದ್ರೆ ಇದ್ದರೆ ಅದನ್ನೂ ಬರೆದಿಟ್ಟುಕೊಳ್ಳಿ. ಅದು ಕನಿಷ್ಠ ಊರನ್ನಾದರೂ ಹೇಳುತ್ತದೆ.

ಈಗ ದಾಖಲೆಗಳು ಎಲ್ಲಿವೆ ಎಂಬ ಪ್ರಶ್ನೆ. ಮನುಷ್ಯ ಯಾವ ಊರಿನವನು ಎಂಬುದನ್ನು ಹಿಡಿದು ಹಡಗಿನ ಕಾಗದಗಳನ್ನು ಇಟ್ಟಿಲ್ಲ. ಹಡಗು ಯಾವ ದೇಶದ ಬಂದರಿನಲ್ಲಿ ನೋಂದಣಿಯಾಗಿತ್ತು ಎಂಬುದನ್ನು ಹಿಡಿದು ಇಟ್ಟಿದ್ದಾರೆ. ಬ್ರಿಟನ್ನಿನಲ್ಲಿ ನೋಂದಣಿಯಾದ ಹಡಗುಗಳ ಸಿಬ್ಬಂದಿ ಪಟ್ಟಿಗಳು ಮೂರು ಕಡೆ ಹರಡಿವೆ. 1939ರಿಂದ 1950ರವರೆಗಿನವು ಲಂಡನ್ನಿನ ಕ್ಯೂ ಎಂಬಲ್ಲಿರುವ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ಅದಕ್ಕಿಂತ ಹಿಂದಿನವುಗಳಲ್ಲಿ, 1863ರಿಂದ 1938ರವರೆಗೆ, ಸುಮಾರು ನೂರಕ್ಕೆ 70ರಷ್ಟು ಕೆನಡಾದ ನ್ಯೂಫೌಂಡ್‌ಲ್ಯಾಂಡಿನ ಮೆಮೋರಿಯಲ್ ವಿಶ್ವವಿದ್ಯಾಲಯದಲ್ಲಿವೆ. 1905, 1915, 1925, 1935 ಹೀಗೆ ಐದರಲ್ಲಿ ಮುಗಿಯುವ ವರ್ಷಗಳವು ಗ್ರೀನಿಚ್‌ನ ಸಾಗರ ವಸ್ತುಸಂಗ್ರಹಾಲಯದಲ್ಲಿವೆ. ಪಟ್ಟಿ ತೆಗೆಸಲು ಹಡಗಿನ ಹೆಸರಿಗಿಂತ ಅದರ ಅಧಿಕೃತ ಸಂಖ್ಯೆ ಬೇಕಾಗುತ್ತದೆ, ಏಕೆಂದರೆ ಒಂದೇ ಹೆಸರಿನ ಹಡಗುಗಳು ಹಲವಿರುತ್ತವೆ. ಆ ಸಂಖ್ಯೆ ಹಡಗು ನೋಂದಣಿಯ ಹಳೆಯ ಸೂಚಿಗಳಲ್ಲಿ ಸಿಗುತ್ತದೆ. ಕ್ಯೂ ಪತ್ರಾಗಾರದಲ್ಲಿ ಯುದ್ಧಕಾಲದ ಹಡಗುಗಳ ಸಂಚಾರ ಕಾರ್ಡುಗಳೂ ಇವೆ. ಯಾವ ಹಡಗು ಯಾವ ದಿನ ಯಾವ ಬಂದರಿನಲ್ಲಿತ್ತು ಎಂಬುದನ್ನು ಅವುಗಳಿಂದ ತಿಳಿದು, ನಿಮ್ಮಲ್ಲಿರುವ ಕಾರ್ಡಿನ ದಿನಾಂಕದೊಂದಿಗೆ ಹೋಲಿಸಬಹುದು. ನನ್ನ ಮಟ್ಟಿಗೆ ಇದು ಸಿಬ್ಬಂದಿ ಪಟ್ಟಿಗಿಂತ ಹೆಚ್ಚು ಉಪಯುಕ್ತ, ಆದರೆ ಇದನ್ನು ನೋಡುವವರು ಕಡಿಮೆ.

ಒಂದು ನಿರಾಶೆಗೂ ಸಿದ್ಧರಾಗಿರಿ. ಮುಂಬಯಿಯಲ್ಲಿ ನೇಮಕಗೊಂಡ ಭಾರತೀಯರ ಒಪ್ಪಂದಪತ್ರಗಳು ಬಿಳಿಯ ನಾವಿಕರವುಗಳಿಂದ ಪ್ರತ್ಯೇಕವಾಗಿದ್ದವು. 1914ರ ಹೊತ್ತಿಗೆ ಬ್ರಿಟಿಷ್ ವ್ಯಾಪಾರಿ ಹಡಗುಗಳಲ್ಲಿ ಸುಮಾರು 50 ಸಾವಿರ ಲಸ್ಕರರು (ಭಾರತ ಮೊದಲಾದ ಕಡೆಯ ಹಡಗಿನಾಳುಗಳು) ದುಡಿಯುತ್ತಿದ್ದರೂ ಅವರ ಪತ್ರಗಳು ಇತರರವುಗಳಷ್ಟು ಜತನದಿಂದ ಉಳಿದಿಲ್ಲ. ಸಿಂಧಿಯಾ ಕಂಪನಿಯಂಥ ಭಾರತೀಯ ಹಡಗುಗಳಲ್ಲಿ ಕೆಲಸ ಮಾಡಿದ್ದರಂತೂ ಲಂಡನ್ನಿನಲ್ಲಿ ಹುಡುಕುವುದೇ ವ್ಯರ್ಥ. ಆಗ ಉಳಿಯುವ ದಾರಿ ಮುಂಬಯಿಯ ಶಿಪ್ಪಿಂಗ್ ಮಾಸ್ಟರ್ ಕಚೇರಿ. ಅವರ ಬಿಡುಗಡೆ ಪುಸ್ತಕದ ಸಂಖ್ಯೆ ಇದ್ದರೆ ಮಾಹಿತಿ ಹಕ್ಕಿನ ಅಡಿಯಲ್ಲಿ ಅರ್ಜಿ ಹಾಕಬಹುದು. ಸಂಖ್ಯೆಯಿಲ್ಲದೆ ಬರೀ ಹೆಸರಿನಿಂದ ಕೇಳಿದರೆ ಉತ್ತರ ಬರುವ ಸಂಭವ ಕಡಿಮೆ. ಇನ್ನು ಮಂಜಿ, ಪತ್ತೇಮಾರಿ ಎಂಬ ಹಾಯಿಹಡಗುಗಳಲ್ಲಿ ಹಂಚು ಹೇರಿಕೊಂಡು ಅರಬ್ಬೀ ಸಮುದ್ರ ದಾಟಿದವರ ಹೆಸರು ಯಾವ ಪಟ್ಟಿಯಲ್ಲಿಯೂ ಇಲ್ಲದಿರುವುದೇ ಹೆಚ್ಚು. ಅಂಥವರನ್ನು ಆ ಹಡಗು ನಡೆಸಿದ ತಾಂಡೇಲನ ಮನೆಯವರ ನೆನಪಿನಲ್ಲಿಯೇ ಹುಡುಕಬೇಕು.

ಮುಂಬಯಿಗೆ ಬಂದೆವು. ಅಲ್ಲಿಗೆ ಹೋದ ಹುಡುಗ ಒಂಟಿಯಾಗಿ ಹೋದವನಲ್ಲ. ಅವನನ್ನು ಕರೆದುಕೊಂಡು ಹೋದವರು, ಚಾಳಿನಲ್ಲಿ ಜಾಗ ಕೊಟ್ಟವರು, ಸಾರಂಗನಿಗೆ ಪರಿಚಯಿಸಿದವರು ಬಹುಶಃ ನಿಮ್ಮ ಊರಿನವರೇ. ಮೊಗವೀರ ವ್ಯವಸ್ಥಾಪಕ ಮಂಡಳಿ 1902ರಿಂದ ಮುಂಬಯಿಯಲ್ಲಿದೆ. ನಿಮ್ಮ ಗ್ರಾಮದ ಹೆಸರಿನ ಸಣ್ಣ ಸಂಘವೂ ಇದ್ದಿರಬಹುದು. ಇಂಥ ಸಂಘಗಳ ಹಳೆಯ ಸದಸ್ಯರ ಪಟ್ಟಿ, ವಂತಿಗೆ ಪುಸ್ತಕ, ರಾತ್ರಿಶಾಲೆಯ ಹಾಜರಿ ಉಳಿದಿವೆಯೇ ಎಂದು ವಿಚಾರಿಸಿ. 1942ರ ನಂತರದ ವಂತಿಗೆ ಪುಸ್ತಕದಲ್ಲಿ ಅವರ ಹೆಸರು ಒಮ್ಮೆ ಕಂಡರೂ ಸಾಕು, ತಿಲಾವಾ ಕತೆ ಅಲ್ಲಿಗೆ ಮುಗಿಯಿತು. ಕಾಗದ ನಿಂತದ್ದಕ್ಕೆ ಸಾವಲ್ಲದ ಕಾರಣಗಳೂ ಇರುತ್ತವೆ. ಮನೆಯವರಿಗೆ ತಿಳಿಸದ ಮದುವೆ, ಸಾಲ, ಕುಡಿತ, ಯಜಮಾನನೊಡನೆ ಜಗಳ, ಓದುಬರಹ ಬರುತ್ತಿದ್ದ ಗೆಳೆಯ ಊರಿಗೆ ಮರಳಿದ್ದರಿಂದ ಕಾಗದ ಬರೆದುಕೊಡುವವರೇ ಇಲ್ಲದೆ ಹೋದದ್ದು, ಇವೆಲ್ಲವನ್ನೂ ನಾನು ಕಂಡಿದ್ದೇನೆ. ನಿಮ್ಮ ಕಾರ್ಡಿನ ಕೈಬರಹ ಅವರದ್ದೇ ಹೌದೇ? ಮುಂಬಯಿಯ ಗೋದಿಯಲ್ಲಿಯೇ 1944ರ ಏಪ್ರಿಲ್ 14ರಂದು ನಡೆದ ಮಹಾಸ್ಫೋಟದಲ್ಲಿ ನೂರಾರು ಜನ ಸತ್ತರು. ಹಡಗು ಬಿಟ್ಟು ದಡದ ಕೆಲಸಕ್ಕೆ ಸೇರಿದ್ದವರಿಗೂ ಅಪಾಯ ಇಲ್ಲದಿರಲಿಲ್ಲ.

ಮೊಂಬಾಸಾದಲ್ಲಿ ಕಂಡರೆಂಬ ಮಾತನ್ನು ತಳ್ಳಿಹಾಕುವುದೂ ಬೇಡ, ನಂಬುವುದೂ ಬೇಡ. ಕಂಡವರು ಯಾರು, ಮೊದಲೇ ಮುಖಪರಿಚಯ ಇತ್ತೇ, ಆ ಮಾತು ಯಾವ ವರ್ಷ ಮನೆಗೆ ಬಂತು, ಹೇಳಿದವರು ಆ ಕಾಲಕ್ಕೆ ನಿಜವಾಗಿಯೂ ಆಫ್ರಿಕಕ್ಕೆ ಹೋಗಿದ್ದರೇ? ಈ ನಾಲ್ಕನ್ನು ಕೇಳಿದರೆ ಇಂಥ ಕತೆಗಳಲ್ಲಿ ಹೆಚ್ಚಿನವು ತಾವಾಗಿಯೇ ಕರಗುತ್ತವೆ. ಕರಗದೆ ಉಳಿದದ್ದು ಬೆಲೆಯುಳ್ಳದ್ದು.

ಡಿಎನ್‌ಎ ಪರೀಕ್ಷೆಯ ಬಗ್ಗೆ ನಿಮಗೆ ಸಲಹೆ ಕೊಟ್ಟವರು ಅದರ ಮಿತಿಯನ್ನು ಹೇಳಿದಂತಿಲ್ಲ. ತಾಯಿಯ ಕಡೆಯಿಂದ ಬರುವ ಮೈಟೊಕಾಂಡ್ರಿಯ ಗುರುತು ನಿಮ್ಮಲ್ಲಿಯೂ ಆ ಹಿರಿಯರಲ್ಲಿಯೂ ಒಂದೇ. ಆದರೆ ಗಂಡಸು ಅದನ್ನು ತನ್ನ ಮಕ್ಕಳಿಗೆ ದಾಟಿಸುವುದಿಲ್ಲ. ಬಳಿಯ ನಿಯಮವೂ ಅದೇ ತಾನೆ! ಹಾಗಾಗಿ ಅವರ ಸಂತಾನವನ್ನು ಹುಡುಕಲು ಅದು ನಿಷ್ಪ್ರಯೋಜಕ. ಉಳಿದದ್ದು ಎಲ್ಲ ವರ್ಣತಂತುಗಳನ್ನೂ ನೋಡುವ ಸಾಮಾನ್ಯ ಪರೀಕ್ಷೆ. ಅವರಿಗೆ ಮೊಮ್ಮಕ್ಕಳಿದ್ದರೆ ನಿಮ್ಮೊಡನೆ ಸರಾಸರಿ ನೂರಕ್ಕೆ 3ರಷ್ಟು ಹಂಚಿಕೆ ಇರುತ್ತದೆ. ನಿಮ್ಮ ತಾಯಿಯವರು ಇದ್ದು, ಒಪ್ಪಿದರೆ, ಅವರದ್ದನ್ನು ಪರೀಕ್ಷಿಸುವುದು ಇದರ ಎರಡರಷ್ಟು ಒಳ್ಳೆಯದು. ಆದರೆ ಆ ಕಡೆಯವರೂ ಅದೇ ಕಂಪನಿಯಲ್ಲಿ ಪರೀಕ್ಷೆ ಮಾಡಿಸಿರಬೇಕು. ಅಂಥವರು ಭಾರತದಲ್ಲಿ ವಿರಳ. ಪೂರ್ವ ಆಫ್ರಿಕದಿಂದ ಬ್ರಿಟನ್ನಿಗೆ ಹೋಗಿ ನೆಲೆಸಿದ ಕುಟುಂಬಗಳಲ್ಲಿ ಸಂಭವ ಸ್ವಲ್ಪ ಹೆಚ್ಚು. ಹುಡುಕದೆ ಇದ್ದ ಬೇರೊಂದು ಗುಟ್ಟು ಹೊರಬರುವ ಅಪಾಯವೂ ಇದರಲ್ಲಿದೆ. ಮನೆಯ ಹಿರಿಯರ ಒಪ್ಪಿಗೆಯಿಲ್ಲದೆ ಮಾಡಬೇಡಿ. ನನ್ನನ್ನು ಕೇಳಿದರೆ ಇದು ಕೊನೆಯ ಹೆಜ್ಜೆ.

ಜಾಗದ ವಿಷಯದಲ್ಲಿ ಒಂದು ತಪ್ಪು ತಿಳುವಳಿಕೆ ವ್ಯಾಪಕವಾಗಿದೆ. ಏಳು ವರ್ಷ ಸುದ್ದಿಯಿಲ್ಲದಿದ್ದರೆ ಮನುಷ್ಯ ಸತ್ತಂತೆ ಎಂದು ಎಲ್ಲರೂ ಹೇಳುತ್ತಾರೆ. 1872ರ ಸಾಕ್ಷ್ಯ ಕಾಯ್ದೆಯ 108ನೆಯ ಸೆಕ್ಷನ್ನಿನಲ್ಲಿದ್ದ, ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 111ನೆಯ ಸೆಕ್ಷನ್ನಿನಲ್ಲಿರುವ ಈ ನಿಯಮ ಹೇಳುವುದು, ಬದುಕಿದ್ದಾನೆ ಎನ್ನುವವನೇ ಅದನ್ನು ಸಾಬೀತುಪಡಿಸಬೇಕು ಎಂದಷ್ಟೆ. ಯಾವಾಗ ಸತ್ತ ಎಂಬುದನ್ನು ಅದು ಹೇಳುವುದಿಲ್ಲ. ಸಾವಿನ ದಿನಾಂಕವನ್ನು ಹೇಳಿಕೊಳ್ಳುವವರು ಅದನ್ನು ಬೇರೆ ಸಾಕ್ಷ್ಯದಿಂದಲೇ ತೋರಿಸಬೇಕೆಂದು ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ನಿಮ್ಮ ಪ್ರಕರಣದಲ್ಲಿ ದಿನಾಂಕವೇ ಮುಖ್ಯ. 1942ರಲ್ಲಿ ತೀರಿಕೊಂಡಿದ್ದರೆ ಹಳೆಯ ಅಳಿಯಸಂತಾನ ಕಟ್ಟಳೆಯಂತೆ ಅವರ ಹಕ್ಕು ಕುಟುಂಬದಲ್ಲಿಯೇ ಲೀನವಾಗುತ್ತದೆ. 1949ರ ಮದರಾಸು ಅಳಿಯಸಂತಾನ ಕಾಯ್ದೆ ಕವರುಗಳಿಗೆ (ಕುಟುಂಬದ ಒಬ್ಬ ಹೆಣ್ಣಿನಿಂದ ಬಂದ ಶಾಖೆಗಳಿಗೆ) ಪಾಲು ಕೇಳುವ ಹಕ್ಕು ಕೊಟ್ಟಿತು. 1956ರ ಜೂನ್‌ನಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದ ಮೇಲೆ ತೀರಿಕೊಂಡಿದ್ದು, ಎಲ್ಲಿಯೋ ಹೆಂಡತಿ ಮಕ್ಕಳಿದ್ದರೆ ಅವರಿಗೂ ಹಕ್ಕಿನ ಪ್ರಶ್ನೆ ಏಳುತ್ತದೆ. ಆದ್ದರಿಂದ ತಿಲಾವಾದಲ್ಲಿ ಸತ್ತರೆಂದು ಆಧಾರವಿಲ್ಲದೆ ಅಫಿಡವಿಟ್ ಮಾಡಬೇಡಿ; ಯಾರಾದರೂ ಯುದ್ಧಸಮಾಧಿ ಆಯೋಗದ ಪಟ್ಟಿ ತೆರೆದು ಅವರ ಹೆಸರು ಅಲ್ಲಿಲ್ಲವೆಂದು ತೋರಿಸಿದರೆ ಸುಳ್ಳು ಪ್ರಮಾಣದ ಆರೋಪಕ್ಕೆ ದಾರಿಯಾಗುತ್ತದೆ. ಸಿವಿಲ್ ನ್ಯಾಯಾಲಯದಲ್ಲಿ ಘೋಷಣೆ ಕೇಳುವುದೇ ದಾರಿ, ಅದಕ್ಕೆ ಅಳಿಯಸಂತಾನದ ಮೊಕದ್ದಮೆಗಳನ್ನು ನಡೆಸಿದ ವಕೀಲರೇ ಬೇಕು.

ಈ ನೆಪದಲ್ಲಿ ಹಳೆಯ ನೋಂದಾಯಿತ ಪತ್ರಗಳನ್ನು ಉಪನೋಂದಣಿ ಕಚೇರಿಯಿಂದ ತೆಗೆಸಿ. 1937ರಿಂದ 1960ರವರೆಗಿನ ಕುಟುಂಬ ಕರಾರು, ಪಾಲುಪಟ್ಟಿ, ಅಡಮಾನ, ಮುಖ್ತಿಯಾರ್‌ನಾಮೆ ಇವುಗಳಲ್ಲಿ ಆ ಹಿರಿಯರ ಹೆಸರಿನ ಮುಂದೆ ಏನು ಬರೆದಿದೆ ಎಂದು ನೋಡಿ. ‘ಮುಂಬಯಿಯಲ್ಲಿ ವಾಸ’, ‘ಪರಸ್ಥಳದಲ್ಲಿರುವ’, ‘ಗತಿಸಿದ’ ಎಂಬ ಒಂದೊಂದು ಮಾತೂ, ಬರೆದ ವರ್ಷದೊಂದಿಗೆ, ಮನೆಯವರು ಆಗ ಏನು ತಿಳಿದಿದ್ದರು ಎಂಬುದಕ್ಕೆ ಸಾಕ್ಷಿ. ನೆನಪಿಗಿಂತ ಇದು ಗಟ್ಟಿ. ದಕ್ಷಿಣ ಕನ್ನಡ 1956ರವರೆಗೆ ಮದರಾಸಿಗೆ ಸೇರಿದ್ದರಿಂದ ಸರ್ಕಾರದ ಮೇಲ್ಮಟ್ಟದ ಕಡತಗಳು ಚೆನ್ನೈಯ ಎಗ್ಮೋರಿನ ತಮಿಳುನಾಡು ಪತ್ರಾಗಾರದಲ್ಲಿವೆ. ಉತ್ತರ ಕನ್ನಡದವರಾಗಿದ್ದರೆ ಮುಂಬಯಿಗೆ ಹೋಗಬೇಕಿತ್ತು, ಏಕೆಂದರೆ ಆ ಜಿಲ್ಲೆ 1862ರಲ್ಲಿಯೇ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. ನಿಮಗೆ ಸದ್ಯಕ್ಕೆ ಚೆನ್ನೈಯ ಅಗತ್ಯ ಕಾಣುವುದಿಲ್ಲ.

ಕೊನೆಯದಾಗಿ ಹಣ ಕೇಳುತ್ತಿರುವವರ ವಿಚಾರ. ಯುದ್ಧಸಮಾಧಿ ಆಯೋಗದ ಪಟ್ಟಿಗಾಗಲಿ ಕ್ಯೂ ಪತ್ರಾಗಾರದ ಸೂಚಿಗಾಗಲಿ ಶುಲ್ಕವಿಲ್ಲ; ಪ್ರತಿ ತೆಗೆಸಲು ಮಾತ್ರ ಹಣ ಬೇಕು. ಯಾವ ಹಡಗು, ಯಾವ ಅಧಿಕೃತ ಸಂಖ್ಯೆ, ಯಾವ ಅವಧಿಯ ಪಟ್ಟಿ ಎಂದು ಬರವಣಿಗೆಯಲ್ಲಿ ಹೇಳದೆ ಒಟ್ಟು ಮೊತ್ತ ಕೇಳುವವರಿಗೆ ಮುಂಗಡ ಕೊಡಬೇಡಿ. ‘ಖಂಡಿತ ಹುಡುಕಿಕೊಡುತ್ತೇನೆ’ ಎನ್ನುವವರಿಗಂತೂ ಕೊಡಲೇಬೇಡಿ. ಕಾರ್ಡಿನ ಮುದ್ರೆ ಓದಿಸಿ, ಗೌರವಪುಸ್ತಕ ನೋಡಿ, ನೋಂದಣಿ ಪತ್ರಗಳ ಪ್ರತಿ ಕೈಗೆ ಬಂದ ಮೇಲೆ ಹಡಗಿನ ಹೆಸರು ಇನ್ನೂ ನಿಂತಿದ್ದರೆ, ಆಗ ಕ್ಯೂ ಪತ್ರಾಗಾರಕ್ಕೆ ನೀವೇ ಮಿಂಚಂಚೆ ಬರೆದು ಆ ಒಂದು ಹಡಗಿನ 1941 ಮತ್ತು 1942ರ ಪಟ್ಟಿಗಳಿಗೆ ಎಷ್ಟು ಖರ್ಚಾಗುತ್ತದೆ ಎಂದು ಕೇಳಿ.